ತೊಂಬತ್ತೊಂದನೆಯವಳು

ಮದುವೆಯ ಜೋಡಿ, ತೊಟ್ಟಿಲ ಕೂಸು, ಅರ್ಜಿಗೆ ಅಂಟಿಸುವ ಪುಟ್ಟ ಮುಖ, ಇವನ್ನೆಲ್ಲ ಯಾರು ಬೇಕಾದರೂ ತೆಗೆಯಬಹುದು ಎಂಬುದು ಗ್ರೂಪಣ್ಣನವರ ಅಭಿಪ್ರಾಯ. ಎಪ್ಪತ್ತು ಎಂಬತ್ತು ಜನರನ್ನು ಬಿಸಿಲಲ್ಲಿ ನಿಲ್ಲಿಸಿ, ಒಬ್ಬರ ತಲೆ ಇನ್ನೊಬ್ಬರ ಮೂಗಿಗೆ ಅಡ್ಡ ಬಾರದ ಹಾಗೆ ಸಾಲು ಕಟ್ಟುವುದಿದೆಯಲ್ಲ, ಅದು ವಿದ್ಯೆ. ಆ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಶಾಲೆ, ಕಾರ್ಖಾನೆ, ಕಚೇರಿ, ಎಲ್ಲೇ ಗುಂಪಿನ ಫೋಟೋ ಆಗಬೇಕಿದ್ದರೂ ಮೊದಲು ಅವರ ಏಳು ಮಡಚುವ ಹಲಗೆಗಳು ಗಾಡಿಯ ಮೇಲೆ ಬರುತ್ತಿದ್ದವು. ಹಿಂದೆ ಕ್ಯಾಮೆರಾದ ಪೆಟ್ಟಿಗೆ ಹಿಡಿದು ಅವರು. ಗ್ರೂಪಣ್ಣ ಎಂಬ ಹೆಸರು ಬಿದ್ದದ್ದು ಹಾಗೆ. ಮನೆಯಲ್ಲಿಟ್ಟ ಹೆಸರು ಕೇಳಿದರೆ ಅವರೇ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು.

ಕೆಲಸ ಕಲಿಸಿದ ಯಜಮಾನರು ಅವರ ಕಿವಿಯಲ್ಲಿ ಊದಿದ್ದು ಒಂದೇ ಮಾತು: "ಸಾಲು ತುಂಬದ ಫೋಟೋ, ಹಲ್ಲು ಬಿದ್ದ ಬಾಯಿ ಕಣೋ." ಅದನ್ನು ಅವರು ವೇದದ ಹಾಗೆ ಪಾಲಿಸಿದರು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮುಖ ನೋಡುತ್ತಿರಲಿಲ್ಲ, ತಲೆ ಎಣಿಸುತ್ತಿದ್ದರು. ಎಪ್ಪತ್ತೆರಡು ಇದ್ದರೆ ಆರು ಸಾಲು, ಹನ್ನೆರಡು ತಲೆ. ಅರವತ್ತಮೂರು ಇದ್ದರೆ ಏಳು ಸಾಲು, ಒಂಬತ್ತು ತಲೆ. ಎಲ್ಲ ಸಾಲೂ ಸಮ. ಒಂದು ಸಾಲಲ್ಲಿ ಒಬ್ಬ ಹೆಚ್ಚು, ಇನ್ನೊಂದರಲ್ಲಿ ಒಬ್ಬ ಕಡಿಮೆ ಎಂಬ ಮಾತೇ ಇಲ್ಲ.

ತೊಂದರೆ ಕೊಡುತ್ತಿದ್ದದ್ದು ಯಾವ ಸಾಲಿಗೂ ಒಗ್ಗದ ಸಂಖ್ಯೆಗಳು. ಅವಕ್ಕೆ ಅವರು ಇಟ್ಟ ಹೆಸರು ಹಟಮಾರಿಗಳು. ಐವತ್ತರಿಂದ ನೂರರೊಳಗಿನ ಹಟಮಾರಿಗಳನ್ನೆಲ್ಲ ಪತ್ತೆಹಚ್ಚಿ, ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಿಂದ ಬರೆದಿಟ್ಟುಕೊಂಡಿದ್ದರು. ಒಟ್ಟು ಹನ್ನೊಂದು. ಅವರ ಶಾಲೆ ಮುಗಿದದ್ದು ಹತ್ತರ ಮಗ್ಗಿಯ ಜೊತೆಗೇ. ಆದರೂ ಪತ್ತೆಹಚ್ಚಲು ಅವರದೇ ದಾರಿ ಇತ್ತು. ಸರಿಸಂಖ್ಯೆಯೋ? ಐದರಲ್ಲೋ ಸೊನ್ನೆಯಲ್ಲೋ ಕೊನೆಯಾಗುತ್ತದೆಯೋ? ಎರಡೂ ಅಂಕಿ ಕೂಡಿಸಿದರೆ ಮೂರರ ಮಗ್ಗಿಗೆ ಬರುತ್ತದೆಯೋ? ಏಳರ ಮಗ್ಗಿಯಲ್ಲಿ ಇದೆಯೋ? ಯಾವುದೂ ಅಲ್ಲದಿದ್ದರೆ ಅದು ಹಟಮಾರಿ. ಎಪ್ಪತ್ತೇಳು ಮಾತ್ರ ಎರಡು ಏಳು ಪಕ್ಕಪಕ್ಕ ನಿಂತು ತಾನೇ ಹೇಳಿಕೊಂಡುಬಿಡುತ್ತಿತ್ತು.

ಆ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದು ತೊಂಬತ್ತೊಂದು.

ಹಟಮಾರಿ ಎದುರಾದರೆ ಅವರ ಬಳಿ ಎರಡು ಮದ್ದಿದ್ದವು. ಕಾವಲುಗಾರನನ್ನು ಕರೆದು ಸೇರಿಸುವುದು, ಇಲ್ಲವೇ ಒಬ್ಬರನ್ನು ಆಚೆ ಕರೆದು ಕೈಗೊಂದು ಕೆಲಸ ಕೊಡುವುದು. ಆಚೆ ಬಂದವರು ಬೇಸರ ಮಾಡಿಕೊಂಡದ್ದು ಕಡಿಮೆ. ಮಾಡಿಕೊಂಡಿದ್ದರೂ ಇವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಕೊಂಡಿರುತ್ತಿದ್ದರಲ್ಲ, ಕಾಣುವುದಾದರೂ ಹೇಗೆ?

ಅವರಿಗೆ ನಲವತ್ತೆರಡು ವರ್ಷವಾಗಿದ್ದಾಗ ಕೊಡೆ ಕಾರ್ಖಾನೆಯವರು ಕರೆಸಿದರು. ಕಾರ್ಖಾನೆಗೆ ಇಪ್ಪತ್ತು ವರ್ಷ ತುಂಬಿತ್ತು. ಅಂಗಳದಲ್ಲಿ ಮಾಲೀಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಸೇರಿದ್ದರು. ಗ್ರೂಪಣ್ಣ ಬೆರಳು ಆಡಿಸುತ್ತ ಎಣಿಸಿದರು. ತೊಂಬತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಆರು ಸಾಲು, ಹದಿನೈದು ತಲೆ. ಆರು ಹಲಗೆ ಹಾಸಿದರು. ಏಳನೆಯದು ಗೋಡೆಗೆ ಒರಗಿ ನಿಂತಿತು. ಗಿಡ್ಡದವರು ಮುಂದೆ, ಉದ್ದದವರು ಹಿಂದೆ, ಮಾಲೀಕರು ನಡುವೆ. ಎಲ್ಲ ಸರಿಹೋಗಿ ಇನ್ನೇನು ಬಟ್ಟೆಯೊಳಗೆ ತಲೆ ಹಾಕಬೇಕು, ಹೊಲಿಗೆಯ ಕೋಣೆಯ ಬಾಗಿಲಿಂದ ಒಬ್ಬಳು ಓಡಿಬಂದಳು.

ಸಣಕಲು ಹುಡುಗಿ. ಕಡ್ಡಿಗೆ ಬಟ್ಟೆ ಹೊಲಿಯುವ ಕೆಲಸ, ಮೈಕಟ್ಟೂ ಹಾಗೇ, ಹೀಗಾಗಿ ಜೊತೆಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಐದು ತಿಂಗಳ ಮಗುವನ್ನು ಕೊಡೆ ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡೇ ಕೆಲಸ ಮಾಡುವವಳು. ಹಾಲು ಕುಡಿಸಿ, ತೇಗಿಸಿ, ಮಲಗಿಸಿ ಬರುವಷ್ಟರಲ್ಲಿ ತಡವಾಗಿತ್ತು.

"ಜಾಗ ಬಿಡ್ರೇ, ನಾನೂ ಬಂದೆ," ಎಂದಳು, ಕೆದರಿದ ತಲೆಗೂದಲು ಒತ್ತಿಕೊಳ್ಳುತ್ತ.

"ಬಾರೇ ಕಡ್ಡಿ, ಎರಡು ಜನರ ಸಂದೀಲಿ ನಿಂತ್ಕೊ, ನಿಂಗೇನ್ ಜಾಗ ಬೇಕಾ?" ಎಂದು ಮೂರನೆಯ ಸಾಲಿನಿಂದ ಯಾರೋ ಕೂಗಿದರು.

ಗ್ರೂಪಣ್ಣ ಕೈ ಅಡ್ಡ ಹಿಡಿದರು. "ಬೇಡ ತಂಗಿ, ತೊಂಬತ್ತೊಂದಾಗುತ್ತೆ. ಸಾಲು ಕೆಡುತ್ತೆ."

"ಅವಳೂ ಇರ್ಲಿ ಬಿಡಿ ಅಣ್ಣ, ಕೊನೇಲಿ ನಿಲ್ತಾಳೆ," ಎಂದಿತು ಸಾಲಿನಿಂದ ಅದೇ ದನಿ.

"ಕೊನೇಲಿ ನಿಂತ್ರೆ ಆ ಸಾಲು ಬಾಲ ಬಿಟ್ಕೊಂಡ ಹಾಗಿರುತ್ತೆ. ತೊಂಬತ್ತೊಂದು ಹಟಮಾರಿ ಸಂಖ್ಯೆ, ಯಾವ ಸಾಲಿಗೂ ಬರಲ್ಲ. ನೀವು ಹೀಗ್ ಬನ್ನಿ ತಂಗಿ, ಲೆನ್ಸಿಗೆ ಬಿಸಿಲು ಬೀಳ್ತಿದೆ, ಒಂದು ಕೊಡೆ ಹಿಡೀರಿ. ಆಮೇಲೆ ನಿಮ್ದೊಂದು ಬೇರೆ ತೆಗೀತೀನಿ."

ಅವಳು ಕೊಡೆ ಬಿಚ್ಚಿ ಕ್ಯಾಮೆರಾದ ಎಡಕ್ಕೆ ನಿಂತಳು. ಗ್ರೂಪಣ್ಣ ಬಟ್ಟೆಯೊಳಗೆ ಹೋದರು. ಗಾಜಿನ ಮೇಲೆ ತೊಂಬತ್ತು ತಲೆ ಬುಡಮೇಲಾಗಿ ತೂಗುತ್ತಿದ್ದವು. ಹೊರಬಂದು, "ಎಲ್ರೂ ಈ ಕಡೆ!" ಎಂದು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಕೊಡೆಯ ಕೆಳಗಿನಿಂದ ಅವಳು ಏನೋ ಅಂದಳು. ತೊಂಬತ್ತೂ ಜನ ಒಟ್ಟಿಗೆ ಅತ್ತ ತಿರುಗಿ ನಕ್ಕರು. ಬೆನ್ನಿಗೇ ಕಾರ್ಖಾನೆಯ ಸೈರನ್ ಕೂಗಿತು. ಜನ ಚದುರಿದರು. ಬೇರೆ ಫೋಟೋದ ಮಾತು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಒಳಗೆ ಮಗು ಅಳುತ್ತಿತ್ತು.

ಫೋಟೋ ನೋಡಿ ಮಾಲೀಕರು ಮುಖ ಹುಳ್ಳಗೆ ಮಾಡಿದರು. "ಏನ್ರೀ ಇದು, ಒಬ್ರೂ ಕ್ಯಾಮೆರಾ ನೋಡಿಲ್ವಲ್ಲ!" ಸಾಲುಗಳು ಮಾತ್ರ ಗೆರೆ ಎಳೆದ ಹಾಗಿದ್ದವು. ಗ್ರೂಪಣ್ಣನವರಿಗೆ ಅಷ್ಟು ಸಾಕಿತ್ತು.

ನಾಲ್ಕು ತಿಂಗಳ ಮೇಲೆ ಒಬ್ಬ ಮುದುಕಿ ಮಗುವನ್ನು ಸೊಂಟದ ಮೇಲೆ ಹೊತ್ತು ಅವರ ಅಂಗಡಿಯ ಮೆಟ್ಟಿಲು ಹತ್ತಿದಳು. ಮಗಳಿಗೆ ಜ್ವರ ಬಂದಿತ್ತು, ಎಂಟು ದಿನ, ಹೋಗಿಬಿಟ್ಟಳು ಎಂದಳು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಕಾರ್ಖಾನೆಯ ಬಿಲ್ಲೆಯ ಮೇಲೆ ಆಗ ಮುಖವಿರುತ್ತಿರಲಿಲ್ಲ, ಬರೀ ನಂಬರು.

"ಆವತ್ತು ಮನೆಗ್ ಬಂದು ಹೇಳಿದ್ಲು, ಅಮ್ಮ, ಇವತ್ತು ನಮ್ದೆಲ್ಲಾ ಫೋಟೋ ತೆಗೆದ್ರು, ಅಂತ. ಅದ್ರಲ್ಲಿ ಅವಳ ಮುಖ ಒಂದ್ನ ದೊಡ್ಡದ್ ಮಾಡ್ಕೊಡಪ್ಪ. ಈ ಮಗೂಗೆ ತೋರ್ಸೋಕೆ."

ಗ್ರೂಪಣ್ಣನವರ ಬಾಯಲ್ಲಿ ಉತ್ತರ ತಯಾರಾಗಿತ್ತು. "ಅವರು ಅದ್ರಲ್ಲಿಲ್ಲಮ್ಮ. ತೊಂಬತ್ತೊಂದು ಜನ ಆಗ್ಬಿಟ್ರು. ಆ ಸಂಖ್ಯೇನ ಯಾರ್ ಬಂದ್ರೂ ಸಾಲು ಮಾಡೋಕಾಗಲ್ಲ. ಲೆಕ್ಕಾನೇ ಹಾಗಿದೆ."

ಮುದುಕಿ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು. ಆಮೇಲೆ ಅವಳೇ ಇವರಿಗೆ ಸಮಾಧಾನ ಹೇಳಿದಳು. "ಲೆಕ್ಕ ಹಾಗಿದ್ರೆ ನೀನೇನ್ ಮಾಡ್ತೀಯಪ್ಪ, ಬಿಡು." ಮಗುವಿನ ಮೂಗು ಒರೆಸಿ, ಒಂದೊಂದೇ ಮೆಟ್ಟಿಲು ಇಳಿದುಹೋದಳು.

ಆ ಮಾತನ್ನೇ ತಲೆದಿಂಬು ಮಾಡಿಕೊಂಡು ಗ್ರೂಪಣ್ಣ ಇಪ್ಪತ್ತಾರು ವರ್ಷ ನಿದ್ದೆ ಮಾಡಿದರು. ಆಗಾಗ ಆ ಸೊಂಟದ ಮೇಲಿನ ಮಗು ನೆನಪಾಗುತ್ತಿತ್ತು. ನೆನಪಾದಾಗೆಲ್ಲ ಪೆಟ್ಟಿಗೆಯ ಮುಚ್ಚಳ ಕಣ್ಣೆದುರು ಬರುತ್ತಿತ್ತು. ಲೆಕ್ಕಾನೇ ಹಾಗಿದೆ, ನಾನೇನು ಮಾಡಲಿ.

ಅಷ್ಟರಲ್ಲಿ ಹೆಂಡತಿ ತೀರಿಕೊಂಡರು, ಎಲ್ಲರ ಕೈಗೂ ಕ್ಯಾಮೆರಾ ಬಂತು, ಅಂಗಡಿ ಮುಚ್ಚಿತು. ಹಲಗೆಗಳು ಮಗನ ಮನೆಯಲ್ಲಿ ಪಾತ್ರೆ ಇಡುವ ಕಪಾಟಾದವು. ಸೊಸೆ ಗಟ್ಟಿಗಿತ್ತಿ. ಏಳು ತಿಂಗಳ ಕೈಗೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಲೇ ಬಟ್ಟೆ ಮಡಚುವವಳು, ದೊಡ್ಡ ಮಗಳ ಪಾಠವನ್ನೂ ಕೇಳುವವಳು. ಅವತ್ತು ಸಂಜೆ ಹದಿಮೂರರ ಮಗ್ಗಿ ನಡೆಯುತ್ತಿತ್ತು. ಗ್ರೂಪಣ್ಣ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು.

"ಹದಿಮೂರಾರ್ಲ ಎಪ್ಪತ್ತೆಂಟು. ಹದಿಮೂರೇಳ್ಲ... ತೊಂಬತ್ತೊಂದು."

"ತಪ್ಪು ಪುಟ್ಟಿ," ಎಂದರು ಗ್ರೂಪಣ್ಣ, ತಲೆ ಎತ್ತದೆ. "ತೊಂಬತ್ತೊಂದು ಯಾವ ಮಗ್ಗೀಲೂ ಬರಲ್ಲ."

"ಬರುತ್ತೆ ತಾತ!"

"ಬರಲ್ಲಮ್ಮ. ನಲವತ್ತು ವರ್ಷ ತಲೆ ಎಣಿಸಿದೋನು ನಾನು."

ಸೊಸೆ ನಕ್ಕಳು. "ಮಾವ, ಬರುತ್ತೆ. ಹದಿಮೂರೇಳ್ಲ ತೊಂಬತ್ತೊಂದೇ. ಅವಳು ತಪ್ಪು ಹೇಳಿದ್ರೆ ನಾನು ಸುಮ್ನೆ ಬಿಡ್ತೀನಾ?"

ಗ್ರೂಪಣ್ಣ ಒಪ್ಪಲಿಲ್ಲ. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು, "ಹಾಗಾದ್ರೆ ಇಟ್ಟು ನೋಡೋಣ, ಸೋತ್ರೆ ನೀವೇ ನನ್ನ ಹೋಂವರ್ಕ್ ಬರೀಬೇಕು," ಎಂದು ಅಮ್ಮನ ಗುಂಡಿಯ ಡಬ್ಬಿ ತಂದು ನೆಲದ ಮೇಲೆ ಸುರಿದಳು. ಹರಿದ ಅಂಗಿಗಳಿಂದ ಬಿಡಿಸಿಟ್ಟ ಬಣ್ಣಬಣ್ಣದ ಗುಂಡಿಗಳು. ಹದಿಮೂರರ ಒಂದು ಸಾಲು ಇಟ್ಟಳು. ಅದರ ಕೆಳಗೆ ಇನ್ನೊಂದು. ಏಳನೆಯ ಸಾಲು ಮುಗಿಸಿ, "ಈಗ ಎಣ್ಸಿ," ಎಂದಳು.

ಗ್ರೂಪಣ್ಣ ಎಣಿಸಿದರು. ತಿರುಗಿ ಎಣಿಸಿದರು. ಮೂರನೆಯ ಸಲವೂ ಎಣಿಸಿದರು. ಏಳು ಸಾಲು, ಹದಿಮೂರು ತಲೆ. ಎಲ್ಲೂ ಬಾಲವಿಲ್ಲ, ಎಲ್ಲೂ ಹಲ್ಲು ಬಿದ್ದಿಲ್ಲ. ಗೋಡೆಗೆ ಒರಗಿ ನಿಂತಿದ್ದ ಏಳನೆಯ ಹಲಗೆ ಕಣ್ಣಿಗೆ ಕಟ್ಟಿತು. ಅವರ ಏಳರ ಮಗ್ಗಿ ಎಪ್ಪತ್ತಕ್ಕೆ ನಿಂತಿತ್ತು. ಇನ್ನೊಂದು ಏಳು, ಮತ್ತೊಂದು ಏಳು, ಮಗದೊಂದು ಏಳು. ಬರೀ ಮೂರು ಹೆಜ್ಜೆ ಮುಂದೆ ಹೋಗಿದ್ದರೆ ಸಿಗುತ್ತಿತ್ತು.

"ಗೆದ್ದೆ!" ಎಂದು ಮೊಮ್ಮಗಳು ಕುಣಿದಳು. ತಾತನ ಮುಖ ನೋಡಿ ಕುಣಿತ ನಿಲ್ಲಿಸಿದಳು.

ಮೂರು ದಿನ ಅವರು ಡಬ್ಬಿ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೆ, "ಬಂದೆನಮ್ಮ," ಎನ್ನುವರು, ಬರುವುದಿಲ್ಲ. ತೊಂಬತ್ತೊಂದು ಗುಂಡಿ ಎಣಿಸಿಟ್ಟುಕೊಂಡು ಬಗೆಬಗೆಯಾಗಿ ಜೋಡಿಸಿದರು. ಒಂದರ ಕೆಳಗೆ ಎರಡು, ಎರಡರ ಕೆಳಗೆ ಮೂರು, ಹೀಗೆ ಹದಿಮೂರರವರೆಗೆ ಇಟ್ಟರೆ ಸರಿಯಾಗಿ ಒಂದು ತ್ರಿಕೋನ; ಒಂದೂ ಮಿಗಲಿಲ್ಲ. ಹಾಲು ತರಲು ಹೋದಾಗ ಹಣ್ಣಿನ ಅಂಗಡಿಯಲ್ಲಿ ಗೋಪುರದ ಹಾಗೆ ಪೇರಿಸಿದ ಕಿತ್ತಳೆ ಕಂಡಿತು. ಬುಡದಲ್ಲಿ ಆರಾರರ ಚೌಕ, ಅದರ ಮೇಲೆ ಐದೈದರದು, ತುದಿಯಲ್ಲಿ ಒಂದೇ ಒಂದು. ನಿಂತಲ್ಲೇ ಕೂಡಿಸಿದರು. ಮೂವತ್ತಾರು, ಇಪ್ಪತ್ತೈದು, ಹದಿನಾರು, ಒಂಬತ್ತು, ನಾಲ್ಕು, ಒಂದು. ಮತ್ತೆ ತೊಂಬತ್ತೊಂದು!

"ಎಣ್ಸೋದ್ಯಾಕೆ ತಾತ, ತಗೊಳ್ಳೋದಿದ್ರೆ ತಗೊಳ್ಳಿ," ಎಂದ ಅಂಗಡಿಯವನು.

ಮೂರನೆಯ ದಿನ ಒಂದು ಗುಂಡಿಯನ್ನು ನಡುವೆ ಇಟ್ಟು ಸುತ್ತ ಜೋಡಿಸುತ್ತ ಹೋದರು. ಮೊದಲ ಸುತ್ತಿಗೆ ಆರು ಹಿಡಿದವು, ಎರಡನೆಯದಕ್ಕೆ ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು. ಜೇನುಗೂಡಿನ ಕಣ್ಣಿನಂತೆ ಆರು ಮೂಲೆಯ ಆಕಾರ ತುಂಬಿತು. ನಡುವೆ ಒಂದು. ಸುತ್ತ ತೊಂಬತ್ತು.

ಸೊಸೆ ಚಹಾ ತಂದವಳು ಅಲ್ಲೇ ಕೂತಳು. "ಮಾವ, ಏನಾಯ್ತು ಹೇಳಿ. ಗುಂಡಿ ಆಟಕ್ಕೆ ಯಾರೂ ಹೀಗೆ ಕಣ್ಣೀರು ಹಾಕಲ್ಲ."

ಅವರು ಹೇಳಿದರು. ಕಡ್ಡಿಯ ಕತೆ, ಕೊಡೆಯ ಕತೆ, ಮೆಟ್ಟಿಲು ಇಳಿದುಹೋದ ಮುದುಕಿಯ ಕತೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಂಗೆ ಮಗ್ಗಿ ಬರಲಿಲ್ಲ, ಸಂಖ್ಯೆ ಹಟಮಾರಿ ಅಂದೆ. ಇಷ್ಟು ಸಾಧು ಸಂಖ್ಯೆ ನೂರರೊಳಗೆ ಇನ್ನೊಂದಿಲ್ಲಮ್ಮ. ಹೇಗಿಟ್ರೂ ಕೂರುತ್ತೆ. ನನ್ನ ಪಟ್ಟೀಲಿ ಮಿಕ್ಕ ಹತ್ತೂ ಸರಿ ಇವೆ, ತಪ್ಪಿದ್ದು ಇದೊಂದೇ."

ಸೊಸೆ ತೊಡೆಯ ಮೇಲಿನ ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, "ಆ ಫೋಟೋ ಇದೆಯಾ?" ಎಂದಳು.

"ಇದೆ."

"ಹಾಗಾದ್ರೆ ಆ ಮಗು ಎಲ್ಲಿದೆ ನೋಡೋಣ. ಈಗ ಅದಕ್ಕೂ ಇಪ್ಪತ್ತಾರಾಗಿರುತ್ತೆ. ಇಲ್ಲಿ ಕೂತು ಅತ್ರೆ ಯಾರಿಗೇನು ಬಂತು?"

ಕೊಡೆ ಕಾರ್ಖಾನೆ ಎಂದೋ ಮುಚ್ಚಿತ್ತು. ಆದರೆ ಕೊಡೆಗಳಿರುವ ತನಕ ರಿಪೇರಿಯವನು ಇರಲೇಬೇಕಲ್ಲ, ಕಾರ್ಖಾನೆಯಲ್ಲಿ ಕಲಿತವನೇ ಇರಬಹುದು ಎಂದು ಸೊಸೆ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿದ್ದವನನ್ನೂ ಕೈಯಲ್ಲಿದ್ದ ಫೋಟೋವನ್ನೂ ಹೋಲಿಸಿ ನೋಡಿದ ಗ್ರೂಪಣ್ಣ, "ಮೂರನೇ ಸಾಲು, ಎಡದಿಂದ ಐದು," ಎಂದುಬಿಟ್ಟರು.

ಅವನು ಗಾಬರಿಯಾಗಿ ಎದ್ದು ನಿಂತ. ಫೋಟೋ ನೋಡಿ ನಗತೊಡಗಿದ. "ಅಯ್ಯೋ, ನಾನೇ! ತಲೇಲಿ ಕೂದಲು ಎಷ್ಟಿತ್ತು ನೋಡಿ."

"ಆವತ್ತು ಕಡ್ಡಿ ಏನೋ ಅಂದ್ಲು. ನೀವೆಲ್ಲ ನಕ್ಕಿದ್ದು. ಏನದು?"

ಅವನು ಬಹಳ ಹೊತ್ತು ಯೋಚಿಸಿದ. "ನಕ್ಕಿದ್ದು ನೆನಪಿದೆ ಅಣ್ಣ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ಅವಳಂದ ಮಾತು ಮಾತ್ರ ಮರೆತೇಹೋಯ್ತು." ಕಡ್ಡಿಯ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ ಎಂದು ದಾರಿ ಹೇಳಿದ.

ದೊಡ್ಡ ಕೋಣೆ, ಬಿಸಿ ಉಗಿ, ಸೋಪಿನ ವಾಸನೆ. ಉದ್ದನೆಯ ಮೇಜಿನ ಮುಂದೆ ಒಬ್ಬಳು ಬಿಳಿ ಹೊದಿಕೆಗಳನ್ನು ಮಡಚಿ ಪೇರಿಸುತ್ತಿದ್ದಳು. ಸಣಕಲು ಹುಡುಗಿ. ಗ್ರೂಪಣ್ಣ ಹೆಸರು ಹೇಳಿಕೊಂಡರು, ಫೋಟೋ ಬಿಚ್ಚಿಟ್ಟರು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರು, ಈಗ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಆದರೂ ಒಂದನ್ನೂ ಮುಚ್ಚಿಡಲಿಲ್ಲ. "ನಿಮ್ಮಜ್ಜಿಗೆ ನಾನು ಲೆಕ್ಕಾನೇ ಹಾಗಿದೆ ಅಂದೆ. ಸುಳ್ಳಾಗಿತ್ತು ಮಗಳೇ. ಅವರು ನಿಲ್ಲಬಹುದಿತ್ತು. ಹಲಗೇನೂ ಇತ್ತು."

ಅವಳ ಕೈ ಮಡಚುವುದನ್ನು ನಿಲ್ಲಿಸಲಿಲ್ಲ. ಎರಡು ಹೊದಿಕೆ ಮಡಚಿದ ಮೇಲೆ ಹೇಳಿದಳು: "ನಮ್ಮನೇಲಿ ತೊಂಬತ್ತೊಂದು ಅಂದ್ರೆ ಕೆಟ್ಟ ನಂಬರು ತಾತ. ಅಜ್ಜಿ ತೊಂಬತ್ತೊಂದನೇ ನಂಬರ್ ಬಸ್ ಹತ್ತುತ್ತಿರಲಿಲ್ಲ. ಕಾಲು ನೋವಿದ್ರೂ ನಡ್ಕೊಂಡೇ ಹೋಗೋರು. ನಿಮ್ಮಮ್ಮ ಲೆಕ್ಕಕ್ಕೆ ಕೂಡದೋಳು, ಅದಕ್ಕೇ ಬೇಗ ಹೋದ್ಲು, ಅನ್ನೋರು. ಸಾಯೋ ತನಕ ಹಾಗೇ ಅಂದ್ಕೊಂಡಿದ್ರು."

ಆ ಮುದುಕಿಯ ನಡಿಗೆಯ ಭಾರವನ್ನು ಗ್ರೂಪಣ್ಣ ಎಂದೂ ಊಹಿಸಿರಲಿಲ್ಲ.

ಅವಳು ಕೈ ಒರೆಸಿಕೊಂಡು ಫೋಟೋ ಹತ್ತಿರಕ್ಕೆ ಎಳೆದುಕೊಂಡಳು. "ಎಲ್ರೂ ಆ ಕಡೆ ಏನ್ ನೋಡ್ತಿದಾರೆ?"

"ನಿಮ್ಮಮ್ಮನ್ನ."

ಅವಳ ಬೆರಳು ಸಾಲಿಂದ ಸಾಲಿಗೆ ಹರಿಯಿತು. ಮಾಲೀಕರ ಬಾಯಿಯೂ ತೆರೆದಿತ್ತು. ಎಲ್ಲರ ನೋಟ ಕಾಗದದ ಅಂಚು ದಾಟಿ ಒಂದೇ ಕಡೆ ಹೋಗುತ್ತಿತ್ತು. ಅವಳು ಆ ಅಂಚಿನ ಆಚೆ, ಮೇಜಿನ ಮೇಲೆ ಅಂಗೈ ಇಟ್ಟಳು.

"ಏನಂದ್ರಂತೆ?"

"ಗೊತ್ತಿಲ್ಲ. ಕೇಳಿಸ್ಕೊಳ್ಳಲಿಲ್ಲ."

"ನೋಡೋಕೆ ನನ್ನ ಥರ ಇದ್ರಾ?"

ಹೌದು ಎಂದುಬಿಡಬಹುದಿತ್ತು. ಸೊಸೆಯೂ ಅದನ್ನೇ ಬಯಸಿ ಅವರತ್ತ ನೋಡಿದಳು. ಗ್ರೂಪಣ್ಣ ಕಣ್ಣು ಮುಚ್ಚಿ ಹುಡುಕಿದರು. ಕೊಡೆ ಇತ್ತು, ತಲೆಗೂದಲು ಒತ್ತಿಕೊಂಡ ಕೈ ಇತ್ತು. ಮುಖವಿರಲಿಲ್ಲ.

"ಸಣ್ಣಗಿದ್ರು. ಅಷ್ಟೇ ಗೊತ್ತು. ನಾನು ಎಣಿಸಿದೆ ಮಗಳೇ. ನೋಡಲಿಲ್ಲ."

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಗ್ರೂಪಣ್ಣ ಚೀಲದಿಂದ ಡಬ್ಬಿ ತೆಗೆದು, ಮೇಜಿನ ಖಾಲಿ ಜಾಗದಲ್ಲಿ ಗುಂಡಿಗಳನ್ನು ಇಡತೊಡಗಿದರು. ನಡುವೆ ಒಂದು ಕೆಂಪು, ಸುತ್ತ ಆರು, ಹನ್ನೆರಡು. ಹೊರಗಿನ ಸುತ್ತುಗಳನ್ನು ಸೊಸೆ ಕೂಡಿಸಿಕೊಟ್ಟಳು. "ಇದು ಕೂಡದ ಲೆಕ್ಕ ಅಲ್ಲ," ಎಂದರು. "ಇದನ್ನ ಅಜ್ಜಿಗೆ ತೋರಿಸ್ಬೇಕಿತ್ತು."

ಅವಳು ನೋಡುತ್ತಲೇ ನಿಂತಳು. ಯಂತ್ರವೊಂದು ಗಡಗಡ ಎಂದು ನಿಂತಿತು. ಆಚೆಯಿಂದ ಯಾರೋ ಹೊದಿಕೆ ಕೇಳಿ ಕೂಗಿದರು. "ಬಂದೆ," ಎಂದವಳು ಕೆಂಪು ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದು ನನ್ಹತ್ರ ಇರ್ಲಿ," ಎಂದು ಫೋಟೋದ ಜೊತೆ ಎದೆಗೊತ್ತಿಕೊಂಡು ಒಳಗೆ ಹೋದಳು.

ಮಾರನೆಯ ಸಂಜೆ ಮೊಮ್ಮಗಳು ಹದಿಮೂರರ ಮಗ್ಗಿ ಒಪ್ಪಿಸಲು ಮತ್ತೆ ಡಬ್ಬಿ ಸುರಿದಳು. ತಾತನ ತೊಂಬತ್ತೊಂದು ಗುಂಡಿಗಳು ಬೇರೆಯಾಗಿಯೇ ಇದ್ದವು. ಆರು ಸಾಲು ಇಟ್ಟಳು. ಏಳನೆಯದನ್ನು ಇಟ್ಟು, ಡಬ್ಬಿಯ ತಳ ತಡಕಿದಳು, ಚಾಪೆ ಎತ್ತಿ ನೋಡಿದಳು.

"ತಾತ, ಒಂದು ಕಮ್ಮಿ ಇದೆ."

"ಹೌದು ಪುಟ್ಟಿ," ಎಂದರು ಗ್ರೂಪಣ್ಣ. "ಒಂದು ಕಮ್ಮಿ ಇದೆ."